ಆರ್‌ಬಿಐ ಬಾಂಡ್ ಖರೀದಿಸಿದರೆ ನಿಮ್ಮ ಠೇವಣಿಗೆ ಅಪಾಯವೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

‘ಆರ್‌ಬಿಐ ಲಕ್ಷ ಕೋಟಿ ರೂಪಾಯಿ ಸುರಿಯುತ್ತಿದೆ. ಬ್ಯಾಂಕುಗಳಲ್ಲಿ ದುಡ್ಡು ಖಾಲಿಯಾಗಿದೆ. ನೋಟು ಮುದ್ರಿಸಿ ಸರ್ಕಾರಕ್ಕೆ ಕೊಡುತ್ತಿದ್ದಾರೆ. ಈಗಲೇ ನಿಮ್ಮ ಠೇವಣಿ ತೆಗೆದುಕೊಳ್ಳಿ!’

ಈ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಿಗೆ ಆಗಾಗ ಬರುತ್ತಿರುತ್ತವೆ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಚಿಕ್ಕ ಉತ್ತರ: ಆರ್‌ಬಿಐ ಬಾಂಡ್ ಖರೀದಿಸುವುದು ನಿಜ. ಆದರೆ ಅದು ದಾನವಲ್ಲ, ಸಾಲ ಮನ್ನಾವೂ ಅಲ್ಲ. ಬಾಂಡ್ ಪಡೆದು ಅದರ ಬದಲಿಗೆ ಹಣ ಕೊಡುವ ವ್ಯವಹಾರ. ಬ್ಯಾಂಕ್ ಮುಳುಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಹಾಗೆಯೇ, ನಿಮ್ಮ ಠೇವಣಿಗೆ ಅದು ಗ್ಯಾರಂಟಿಯೂ ಅಲ್ಲ. ಈ ಎರಡನೆಯ ಮಾತನ್ನು ಯಾವ ಫಾರ್ವರ್ಡ್ ಕೂಡ ಹೇಳುವುದಿಲ್ಲ.

ಬಾಂಡ್‌ಗೂ ನಮಗೂ ಏನು ಸಂಬಂಧ?

ಸರ್ಕಾರ ಸಾಲ ಪಡೆಯುವಾಗ ಕೊಡುವ ಪತ್ರವೇ ಬಾಂಡ್. ಇಷ್ಟು ವರ್ಷ ಇಷ್ಟು ಬಡ್ಡಿ ಕೊಡುತ್ತೇನೆ, ಅವಧಿ ಮುಗಿದ ಮೇಲೆ ಅಸಲು ಮರಳಿಸುತ್ತೇನೆ ಎಂಬ ವಾಗ್ದಾನ ಅದು. ಕೇಂದ್ರ ಸರ್ಕಾರವೂ ಕರ್ನಾಟಕ ಸರ್ಕಾರವೂ ಹೀಗೆ ಸಾಲ ಪಡೆಯುತ್ತವೆ. ಹರಾಜು ನಡೆಸಿಕೊಡುವುದು ಆರ್‌ಬಿಐ.

ನೀವು ಬಾಂಡ್ ಕೊಂಡಿಲ್ಲದಿರಬಹುದು. ಆದರೂ ನಿಮ್ಮ ಹಣ ಅದರಲ್ಲಿದೆ. ಬ್ಯಾಂಕುಗಳು ತಮ್ಮಲ್ಲಿರುವ ಠೇವಣಿ ಮತ್ತಿತರ ಹೊಣೆಗಳ ಮೊತ್ತದಲ್ಲಿ ಸುಮಾರು 18 ಶೇಕಡಾದಷ್ಟನ್ನು ನಗದು, ಬಂಗಾರ ಅಥವಾ ಸರ್ಕಾರಿ ಬಾಂಡ್ ರೂಪದಲ್ಲಿ ಇಟ್ಟುಕೊಳ್ಳಲೇಬೇಕು. ಇದಕ್ಕೆ ಎಸ್‌ಎಲ್‌ಆರ್ ಎನ್ನುತ್ತಾರೆ. ಬಹುಪಾಲು ಇರುವುದು ಬಾಂಡ್ ರೂಪದಲ್ಲೇ. ಗದಗ-ಬೆಟಗೇರಿಯ ದೊಡ್ಡ ಬ್ಯಾಂಕಿಗೂ ಶಿರಹಟ್ಟಿಯ ಗ್ರಾಮೀಣ ಬ್ಯಾಂಕ್ ಶಾಖೆಗೂ ಈ ನಿಯಮ ಒಂದೇ. ನಿಮ್ಮ ಜೀವ ವಿಮೆ ಮತ್ತು ಪಿಎಫ್ ಹಣದ ದೊಡ್ಡ ಪಾಲೂ ಸರ್ಕಾರಿ ಸಾಲಪತ್ರಗಳಲ್ಲಿದೆ.

ಲಿಕ್ವಿಡಿಟಿ ಎಂದರೇನು?

ನಿಮ್ಮಲ್ಲಿ ಮೂರು ಆಸ್ತಿ ಇವೆ ಎಂದುಕೊಳ್ಳಿ: ಜೇಬಿನಲ್ಲಿ ನಗದು, ಮನೆಯಲ್ಲಿ ಬಂಗಾರ, ಊರ ಹೊರಗೆ ಎರಡು ಎಕರೆ ಹೊಲ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಎರಡು ಲಕ್ಷ ಕಟ್ಟಬೇಕು. ಬಂಗಾರವನ್ನು ಅಡವಿಟ್ಟರೆ ಮಧ್ಯಾಹ್ನದೊಳಗೆ ಹಣ ಸಿಗುತ್ತದೆ. ಹೊಲಕ್ಕೆ ಹೆಚ್ಚು ಬೆಲೆ ಇದ್ದರೂ ನಾಳೆ ಅದು ಕೆಲಸಕ್ಕೆ ಬರುವುದಿಲ್ಲ. ಅವಸರಕ್ಕೆ ಮಾರಿದರೆ ಸಿಕ್ಕಷ್ಟಕ್ಕೆ ಕೊಡಬೇಕು.

ಒಂದು ಆಸ್ತಿ ಹೆಚ್ಚು ನಷ್ಟವಿಲ್ಲದೆ ಎಷ್ಟು ಬೇಗ ನಗದಾಗುತ್ತದೆ ಎಂಬುದೇ ಲಿಕ್ವಿಡಿಟಿ. ಆಸ್ತಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಪ್ರಶ್ನೆ. ಹೊಲ ಒಳ್ಳೆಯದೇ, ಆದರೆ ನಾಳೆಗೆ ನಗದಲ್ಲ.

ಇನ್ನೊಂದು ವಿಷಯ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಎಲ್ಲರ ಉಳ್ಳಾಗಡ್ಡಿಯೂ ಒಂದೇ ವಾರ ಎಪಿಎಂಸಿಗೆ ಬಂದರೆ, ಮಾಲು ಎಷ್ಟೇ ಚೆನ್ನಾಗಿದ್ದರೂ ದರ ಕುಸಿಯುತ್ತದೆ. ಆಗ ತೊಂದರೆ ಇರುವುದು ಮಾಲಿನಲ್ಲಲ್ಲ. ಅಂದು ಕೊಳ್ಳುವವರಿಲ್ಲ, ಅಷ್ಟೇ. ಬಾಂಡ್ ಪೇಟೆಯಲ್ಲೂ ಕೆಲವೊಮ್ಮೆ ಹೀಗೇ ಆಗುತ್ತದೆ.

ಸುರಕ್ಷಿತ ಬಾಂಡ್‌ಗೂ ಗಿರಾಕಿ ಸಿಗದ ದಿನ

2022ರ ಸೆಪ್ಟೆಂಬರ್ 23ರಂದು ಬ್ರಿಟನ್ ಸರ್ಕಾರ ದೊಡ್ಡ ತೆರಿಗೆ ಕಡಿತ ಘೋಷಿಸಿತು. ಸಾಲ ವಿಪರೀತ ಹೆಚ್ಚಲಿದೆ ಎಂಬ ಭಯಕ್ಕೆ ಅಲ್ಲಿನ ಸರ್ಕಾರಿ ಬಾಂಡ್‌ಗಳ ಬೆಲೆ ಕುಸಿಯಿತು. ಅಲ್ಲಿನ ಅನೇಕ ಪಿಂಚಣಿ ನಿಧಿಗಳು ಬಾಂಡ್‌ಗಳನ್ನು ಅಡವಿಟ್ಟು ವ್ಯವಹಾರ ಮಾಡಿದ್ದವು. ಅಡವಿನ ಬೆಲೆ ಇಳಿದಾಗ ‘ಇನ್ನಷ್ಟು ಹಣ ಕಟ್ಟಿ’ ಎಂಬ ಬೇಡಿಕೆ ಬಂತು. ಹಣ ಹೊಂದಿಸಲು ಅವು ಮತ್ತಷ್ಟು ಬಾಂಡ್ ಮಾರಲು ಹೊರಟವು. ಬೆಲೆ ಇನ್ನೂ ಇಳಿಯಿತು.

ಸೆಪ್ಟೆಂಬರ್ 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ‘ನಾವು ಕೊಳ್ಳುತ್ತೇವೆ’ ಎಂದಿತು. ಅಕ್ಟೋಬರ್ 14ರವರೆಗೆ ಅದು ಖರೀದಿಸಿದ್ದು ಸುಮಾರು 1,900 ಕೋಟಿ ಪೌಂಡ್ ಮೌಲ್ಯದ ಬಾಂಡ್. ಪೇಟೆ ಶಾಂತವಾದ ಮೇಲೆ, 2023ರ ಜನವರಿಯೊಳಗೆ, ಅದನ್ನೆಲ್ಲ ಕೊಂಡದ್ದಕ್ಕಿಂತ ಹೆಚ್ಚಿನ ಬೆಲೆಗೆ ಮಾರಿಬಿಟ್ಟಿತು. ಬಾಂಡ್ ಒಳ್ಳೆಯದಿತ್ತು, ಗಿರಾಕಿ ಇರಲಿಲ್ಲ. ಕೇಂದ್ರ ಬ್ಯಾಂಕ್ ಕೆಲವು ದಿನಗಳ ಮಟ್ಟಿಗೆ ಗಿರಾಕಿಯಾಯಿತು.

ನಮ್ಮಲ್ಲಿ ಆರ್‌ಬಿಐ ಏನು ಮಾಡುತ್ತದೆ?

ಎರಡು ದಾರಿಗಳಿವೆ.

ಒಂದು, ರೆಪೊ. ಇದು ಬಂಗಾರದ ಸಾಲದಂತೆ. ಬ್ಯಾಂಕ್ ತನ್ನ ಬಾಂಡ್ ಕೊಟ್ಟು ಆರ್‌ಬಿಐನಿಂದ ಕೆಲವು ದಿನಗಳಿಗೆ ಹಣ ಪಡೆಯುತ್ತದೆ, ಬಡ್ಡಿ ಸೇರಿಸಿ ಮರಳಿಸಿ ಬಾಂಡ್ ಬಿಡಿಸಿಕೊಳ್ಳುತ್ತದೆ. ಎಪಿಎಂಸಿಯಲ್ಲಿ ಕಡಲೆಯನ್ನು ಗೋದಾಮಿನಲ್ಲಿಟ್ಟು ಅಡಮಾನ ಸಾಲ ಪಡೆಯುವ ರೈತ ಮಾಡುವುದೂ ಇದನ್ನೇ. ದರ ಬಿದ್ದಾಗ ಮಾರದೆ, ಮಾಲಿನ ಮೇಲೆ ಹಣ ಪಡೆಯುತ್ತಾನೆ.

ಇನ್ನೊಂದು, ನೇರ ಖರೀದಿ. ಕೊರೊನಾ ಕಾಲದಲ್ಲಿ ಸರ್ಕಾರಗಳು ಹೆಚ್ಚು ಸಾಲ ಎತ್ತಬೇಕಾಗಿ ಬಂದಾಗ ಪೇಟೆ ಅಲುಗಾಡದಂತೆ ಆರ್‌ಬಿಐ 2021ರ ಏಪ್ರಿಲ್‌ನಲ್ಲಿ ‘ಜಿ-ಸ್ಯಾಪ್’ ಘೋಷಿಸಿತು. ಏಪ್ರಿಲ್‌ನಿಂದ ಜೂನ್‌ವರೆಗೆ 1 ಲಕ್ಷ ಕೋಟಿ, ಮುಂದಿನ ಮೂರು ತಿಂಗಳಿಗೆ 1.2 ಲಕ್ಷ ಕೋಟಿ ರೂಪಾಯಿ ಬಾಂಡ್ ಖರೀದಿಯ ಕಾರ್ಯಕ್ರಮ ಅದು. ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು.

ಅದಕ್ಕೂ ಮುಂಚೆ, 2020ರ ಅಕ್ಟೋಬರ್‌ನಲ್ಲಿ, ವಿಶೇಷ ಕ್ರಮವಾಗಿ ರಾಜ್ಯ ಸರ್ಕಾರಗಳ ಬಾಂಡ್‌ಗಳನ್ನೂ ಖರೀದಿಸಲು ಆರ್‌ಬಿಐ ಮುಂದಾಗಿತ್ತು. ಮೊದಲ ಹರಾಜು 10,000 ಕೋಟಿ ರೂಪಾಯಿಯದು. ಕೇಂದ್ರದ ಬಾಂಡ್‌ಗಳಿಗೆ ಹೋಲಿಸಿದರೆ ರಾಜ್ಯಗಳ ಬಾಂಡ್‌ಗಳ ಕೊಡುಕೊಳ್ಳುವಿಕೆ ಕಡಿಮೆ. ಅವುಗಳ ಲಿಕ್ವಿಡಿಟಿ ಹೆಚ್ಚಿಸುವುದು ಉದ್ದೇಶವಾಗಿತ್ತು.

ಹಾಗಾದರೆ ಇದು ನೋಟು ಮುದ್ರಣವೇ?

ಅರ್ಧ ನಿಜ. ಬಾಂಡ್ ಕೊಂಡಾಗ ಆರ್‌ಬಿಐ, ತನ್ನಲ್ಲಿರುವ ಬ್ಯಾಂಕಿನ ಖಾತೆಗೆ ಹಣ ಜಮಾ ಮಾಡುತ್ತದೆ. ಅದು ಹೊಸ ಹಣವೇ, ಆದರೆ ಮುದ್ರಿಸಿದ ನೋಟಲ್ಲ. ಬದಲಿಗೆ ಬಾಂಡ್ ಆರ್‌ಬಿಐ ಕೈಗೆ ಬರುತ್ತದೆ. ಪೇಟೆಯಲ್ಲಿ ಹಣ ಹೆಚ್ಚಾಯಿತು ಅನಿಸಿದರೆ ಆರ್‌ಬಿಐ ಬಾಂಡ್ ಮಾರಿ ಹಣವನ್ನು ವಾಪಸ್ ಎಳೆದುಕೊಳ್ಳಬಹುದು.

ಸರ್ಕಾರಕ್ಕೆ ನೇರವಾಗಿ ಕೊಡುತ್ತಾರೆ ಎಂಬ ಮಾತು? 1997ರವರೆಗೆ ಅಂಥ ವ್ಯವಸ್ಥೆ ಇತ್ತು. ಕೇಂದ್ರಕ್ಕೆ ಕೊರತೆ ಬಿದ್ದಾಗ ‘ಅಡ್ ಹಾಕ್’ ಪತ್ರಗಳ ಮೂಲಕ ಆರ್‌ಬಿಐ ಹಣ ಒದಗಿಸುತ್ತಿತ್ತು. ಅದನ್ನು ರದ್ದು ಮಾಡಲಾಯಿತು. 2006ರ ಏಪ್ರಿಲ್‌ನಿಂದ, ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಸರ್ಕಾರ ಹೊಸದಾಗಿ ಹೊರಡಿಸುವ ಬಾಂಡನ್ನು ಆರ್‌ಬಿಐ ನೇರವಾಗಿ ಕೊಳ್ಳುವಂತಿಲ್ಲ. ಈಗಾಗಲೇ ಬ್ಯಾಂಕುಗಳ ಕೈಯಲ್ಲಿರುವ ಬಾಂಡ್‌ಗಳನ್ನು ಪೇಟೆಯಲ್ಲಿ ಕೊಳ್ಳುತ್ತದೆ.

ಇದರಲ್ಲಿ ಅಪಾಯವೇ ಇಲ್ಲವೇ? ಇದೆ. ಅತಿಯಾಗಿ ಕೊಂಡರೆ, ಹೆಚ್ಚಾದ ಹಣ ಬೆಲೆ ಏರಿಕೆಗೆ ದಾರಿಯಾಗಬಹುದು. ಕೇಂದ್ರ ಬ್ಯಾಂಕ್ ಯಾವಾಗಲೂ ಕೊಳ್ಳುತ್ತದೆ ಎಂಬ ಧೈರ್ಯದಲ್ಲಿ ಸರ್ಕಾರಗಳು ಕೈಮೀರಿ ಸಾಲ ಮಾಡಲೂಬಹುದು. ಆದ್ದರಿಂದಲೇ ಈ ಬೆಂಬಲಕ್ಕೆ ಮಿತಿ ಮತ್ತು ಅವಧಿ ಇರಬೇಕು.

ಆರ್‌ಬಿಐ ಬೆಂಬಲ ಏನನ್ನು ಉಳಿಸುವುದಿಲ್ಲ?

ಇದು ನಮ್ಮ ಜಿಲ್ಲೆಯವರಿಗೆ ಮುಖ್ಯವಾದ ಭಾಗ. ಹಣ ನಗದಾಗಲು ತಡವಾಗುವುದು ಒಂದು ಸಮಸ್ಯೆ. ಕೊಟ್ಟ ಸಾಲವೇ ವಾಪಸ್ ಬರದಿರುವುದು ಬೇರೆ ಸಮಸ್ಯೆ. ಬಾಂಡ್ ಖರೀದಿ ಮೊದಲನೆಯದಕ್ಕೆ ಮಾತ್ರ ಮದ್ದು.

2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹೇರಿತು. ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅಲ್ಲಿನ ತೊಂದರೆ ಬಾಂಡ್ ಪೇಟೆಯದಲ್ಲ, ವಸೂಲಾಗದ ಸಾಲಗಳದು.

ಅಂಥ ಹೊತ್ತಿಗೆ ಇರುವುದು ಠೇವಣಿ ವಿಮೆ. 2020ರ ಫೆಬ್ರವರಿ 4ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಒಂದೇ ಬ್ಯಾಂಕಿನ ಲಕ್ಷ್ಮೇಶ್ವರ ಶಾಖೆಯಲ್ಲಿ 4 ಲಕ್ಷ, ಮುಂಡರಗಿ ಶಾಖೆಯಲ್ಲಿ 3 ಲಕ್ಷ ನಿಮ್ಮ ಹೆಸರಲ್ಲಿದ್ದರೆ, ವಿಮೆ ಇರುವುದು ಒಟ್ಟು 5 ಲಕ್ಷಕ್ಕೆ ಮಾತ್ರ.

ಇನ್ನೊಂದು ಎಚ್ಚರಿಕೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಸಹಕಾರದ ಮೇಲೆ ನಮ್ಮ ಭಾಗದವರಿಗೆ ಇರುವ ನಂಬಿಕೆ ಅಷ್ಟು ಹಳೆಯದು. ಆದರೆ ಸಹಕಾರಿ ‘ಬ್ಯಾಂಕ್’ ಬೇರೆ, ಪತ್ತಿನ ಸಹಕಾರ ‘ಸಂಘ’ ಬೇರೆ. ಬ್ಯಾಂಕಿನ ಠೇವಣಿಗೆ ಈ ವಿಮೆ ಇದೆ; ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಇಲ್ಲ. ಅವು ಕೆಟ್ಟವು ಎಂದಲ್ಲ. ಒಂದು ಶೇಕಡಾ ಹೆಚ್ಚು ಬಡ್ಡಿಗಾಗಿ ಹಣ ಇಡುವ ಮುನ್ನ ಈ ವ್ಯತ್ಯಾಸ ತಿಳಿದಿರಲಿ.

ನೀವೇ ಬಾಂಡ್ ಕೊಳ್ಳುವುದಾದರೆ

2021ರ ನವೆಂಬರ್‌ನಿಂದ ಆರ್‌ಬಿಐನ ‘ರಿಟೇಲ್ ಡೈರೆಕ್ಟ್’ ಮೂಲಕ ಸಾಮಾನ್ಯರೂ 10,000 ರೂಪಾಯಿಯಿಂದ ಬಾಂಡ್ ಕೊಳ್ಳಬಹುದು. ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ಅಸಲು, ಬಡ್ಡಿ ಎರಡೂ ಹೇಳಿದಂತೆ ಬರುತ್ತವೆ. ನಡುವೆ ಮಾರಲು ಹೋದರೆ ಲೆಕ್ಕ ಬೇರೆ.

7 ಶೇಕಡಾ ಬಡ್ಡಿಯ 100 ರೂಪಾಯಿ ಬಾಂಡ್ ನಿಮ್ಮಲ್ಲಿದೆ, ಪೇಟೆಯ ಬಡ್ಡಿ ದರ 8 ಶೇಕಡಾಕ್ಕೆ ಏರಿತು ಎಂದುಕೊಳ್ಳಿ. ಇನ್ನು 1 ವರ್ಷ ಉಳಿದಿದ್ದರೆ ಅದರ ಬೆಲೆ ಸುಮಾರು 99 ರೂಪಾಯಿ. 10 ವರ್ಷ ಉಳಿದಿದ್ದರೆ ಸುಮಾರು 93. 30 ವರ್ಷ ಉಳಿದಿದ್ದರೆ 89ರ ಆಸುಪಾಸು. ಜೊತೆಗೆ, ಸಣ್ಣ ಮೊತ್ತಕ್ಕೆ ಅಂದೇ ಗಿರಾಕಿ ಸಿಗದಿರಬಹುದು. ಬರುವ ವರ್ಷದ ಮಗಳ ಮದುವೆಗೆ ಬೇಕಾದ ಹಣವನ್ನು 30 ವರ್ಷದ ಬಾಂಡ್‌ನಲ್ಲಿ ಇಡಬೇಡಿ.

ಫಾರ್ವರ್ಡ್ ಒತ್ತುವ ಮುನ್ನ

ಮುಂದಿನ ಬಾರಿ ‘ಲಕ್ಷ ಕೋಟಿ ಸುರಿದರು’ ಎಂಬ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಆರ್‌ಬಿಐ ಹಣ ಕೊಟ್ಟು ಬದಲಿಗೆ ಏನು ಪಡೆಯಿತು? ಎಷ್ಟು ಅವಧಿಗೆ? ನನ್ನ ಬ್ಯಾಂಕಿನ ಹೆಸರು ಹೇಳಿ ಆರ್‌ಬಿಐ ಏನಾದರೂ ನಿರ್ಬಂಧ ಪ್ರಕಟಿಸಿದೆಯೇ? ಮೂರನೆಯದನ್ನು ಆರ್‌ಬಿಐ ಜಾಲತಾಣದಲ್ಲಿ ನೀವೇ ನೋಡಬಹುದು.

ಉತ್ತರ ಸಿಗುವವರೆಗೆ ಸಂದೇಶ ನಿಮ್ಮ ಫೋನಿನಲ್ಲೇ ಇರಲಿ. ಗಾಳಿಸುದ್ದಿ ನಂಬಿ ಎಲ್ಲರೂ ಒಂದೇ ದಿನ ಹಣ ತೆಗೆಯಲು ಹೋದರೆ, ಗಟ್ಟಿಯಾಗಿರುವ ಬ್ಯಾಂಕಿಗೂ ಅಂದು ನಗದಿನ ಕೊರತೆ ಬೀಳುತ್ತದೆ.