ನಿಂತ ಗಾಡಿ, ಬೀಗ ಬಿದ್ದ ಕಟ್ಟಡ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಪಟ್ಟಣಗಳ ಪೇಟೆ ಬೀದಿಗಳು ಚಕ್ಕಡಿ ಮತ್ತು ಕಾಲ್ನಡಿಗೆಯ ಕಾಲದಲ್ಲಿ ರೂಪುಗೊಂಡವು. ಈಗ ಅವೇ ಬೀದಿಗಳಲ್ಲಿ ಬೈಕು, ಕಾರು, ಟಂಟಂ, ಟ್ರ್ಯಾಕ್ಟರ್, ಸಾರಿಗೆ ಬಸ್ಸು ಎಲ್ಲವೂ ಓಡಬೇಕು, ನಿಲ್ಲಲೂ ಬೇಕು. ಸಂತೆಯ ದಿನ ತಳ್ಳುಗಾಡಿ, ಕಾಯಿಪಲ್ಲೆಯ ಸಾಲು ಸೇರಿದರೆ ಆಂಬುಲೆನ್ಸಿಗೂ ದಾರಿ ಸಿಗುವುದು ಕಷ್ಟ. ವಾಹನ ನಿಲ್ಲಿಸುವ ಜಾಗ, ಜನ ಪೇಟೆಗೆ ಬರುವ ಬಗೆ, ಪೇಟೆಯ ನಡುವೆ ಖಾಲಿ ಬೀಳುವ ಕಟ್ಟಡಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಸರಿಪಡಿಸಲಾಗದು.

ಗದ್ದಲ ಎಲ್ಲಿಂದ ಬರುತ್ತದೆ?

2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668. ಇವರಲ್ಲಿ ನಾಲ್ಕರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಹಳ್ಳಿಗಳಲ್ಲಿದ್ದಾರೆ. ಪಹಣಿ, ಬ್ಯಾಂಕು, ಆಸ್ಪತ್ರೆ, ಕಾಲೇಜು, ಬೀಜ-ಗೊಬ್ಬರ, ಮದುವೆಯ ಜವಳಿ ಎಲ್ಲಕ್ಕೂ ಅವರು ತಾಲ್ಲೂಕು ಕೇಂದ್ರಕ್ಕೇ ಬರಬೇಕು. ಹೀಗಾಗಿ ಪೇಟೆಯಲ್ಲಿ ನಿಲ್ಲುವ ವಾಹನಗಳನ್ನು ಊರಿನ ಮನೆಗಳ ಲೆಕ್ಕದಿಂದ ಅಳೆಯಲು ಬರುವುದಿಲ್ಲ. ಇಡೀ ತಾಲ್ಲೂಕಿನ ಓಡಾಟವನ್ನು ಲೆಕ್ಕಕ್ಕೆ ಹಿಡಿಯಬೇಕು.

ಆಡಳಿತದ ಇತಿಹಾಸವೂ ಈ ಜನಸಂದಣಿಯನ್ನು ಪೇಟೆಯ ನಡುವಿಗೆ ತಂದಿದೆ. ಬ್ರಿಟಿಷರ ಕಾಲದಲ್ಲಿ ಹಾನಗಲ್ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ತಾಲ್ಲೂಕು. ಬಂಕಾಪುರ ತಾಲ್ಲೂಕಿನ ಕಚೇರಿ ಶಿಗ್ಗಾವಿಯಲ್ಲಿತ್ತು, ಕೋಡ ತಾಲ್ಲೂಕಿನದು ಹಿರೇಕೆರೂರಿನಲ್ಲಿತ್ತು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಕಂದಕ ಸುತ್ತುವರಿದ, ಎಂಟು ಬಾಗಿಲುಗಳ ಆ ಊರಿನಲ್ಲಿ 1868ರಿಂದ 1876ರ ನಡುವೆ ರಸ್ತೆಗಳನ್ನು ಅಗಲಿಸಿ ಖಡಿ ಹಾಕಿಸಿದ್ದನ್ನು ಹಳೆಯ ಗೆಜೆಟಿಯರ್ ದಾಖಲಿಸಿದೆ. ಕಚೇರಿ ಇದ್ದಲ್ಲಿ ಅಂಗಡಿ ಬಂದವು, ಅಂಗಡಿ ಇದ್ದಲ್ಲಿ ಬಸ್ಸು ಬಂತು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಬಳಿಕ ಈ ಪಟ್ಟಣಗಳ ಓಡಾಟ ಇನ್ನಷ್ಟು ಬೆಳೆಯಿತು.

ಜಾಗದ ಲೆಕ್ಕ

ಒಂದು ಕಾರು ನಿಲ್ಲಲು ಸಾಮಾನ್ಯವಾಗಿ 2.5 ಮೀಟರ್ ಅಗಲ, 5 ಮೀಟರ್ ಉದ್ದ, ಅಂದರೆ 12.5 ಚದರ ಮೀಟರ್ ಹಿಡಿಯುತ್ತಾರೆ. ಒಂದು ಬೈಕಿಗೆ 2 ಚದರ ಮೀಟರ್ ಸಾಕು. ಕಾರೊಂದರ ಜಾಗದಲ್ಲಿ ಆರು ಬೈಕು ನಿಲ್ಲುತ್ತವೆ. ಬೈಕುಗಳೇ ಹೆಚ್ಚಿರುವ ತಾಲ್ಲೂಕು ಪೇಟೆಗೆ ಮಹಾನಗರದ ಬಹುಮಹಡಿ ಕಾರು ನಿಲ್ದಾಣದ ಮಾದರಿ ಹೊಂದದು.

ಜಾಗದಷ್ಟೇ ಮುಖ್ಯವಾದದ್ದು ಸಮಯ. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಎದುರು ನಿಂತ ಬೈಕು ಸಂಜೆ ಆರರವರೆಗೆ ಕದಲದಿದ್ದರೆ ಆ ಜಾಗ ಒಬ್ಬರಿಗೆ ಮಾತ್ರ ಒದಗುತ್ತದೆ. ಅರ್ಧ ಗಂಟೆಗೊಮ್ಮೆ ಬದಲಾದರೆ ಅದೇ ಜಾಗ ಹದಿನೆಂಟು ಗಿರಾಕಿಗಳಿಗೆ ಒದಗುತ್ತದೆ. ಇಡೀ ದಿನ ನಿಲ್ಲುವ ಗಾಡಿಗಳಲ್ಲಿ ಅಂಗಡಿಯವರದು, ಕಚೇರಿ ನೌಕರರದು ದೊಡ್ಡ ಪಾಲು. ಅವನ್ನು ತುಸು ದೂರದ ಬಯಲಿಗೆ ಸರಿಸಿದರೆ ವ್ಯಾಪಾರಕ್ಕೇ ಲಾಭ. ಅಮೆರಿಕದ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ 2005ರ ‘ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್’ ಕೃತಿಯಲ್ಲಿ, ಬೀದಿಯ ಪ್ರತಿ ಬದಿಯಲ್ಲಿ ಒಂದೆರಡು ಜಾಗ ಸದಾ ಖಾಲಿ ಸಿಗುವಂತೆ ಶುಲ್ಕ ನಿಗದಿಯಾಗಬೇಕೆಂದು ವಾದಿಸಿದ್ದಾರೆ. ಸಣ್ಣ ಪಟ್ಟಣದಲ್ಲಿ ಶುಲ್ಕದ ಬದಲು ಸಮಯದ ಮಿತಿಯಿಂದಲೂ ಇದನ್ನು ಸಾಧಿಸಬಹುದು.

ಇದಕ್ಕೆ ಬೇಕಾದ ಅಧಿಕಾರ ಈಗಾಗಲೇ ಇದೆ. ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ ಹನ್ನೆರಡನೇ ಅನುಸೂಚಿಯ 17ನೇ ನಮೂದು ಬೀದಿದೀಪ, ವಾಹನ ನಿಲುಗಡೆ ತಾಣ, ಬಸ್ ತಂಗುದಾಣಗಳನ್ನು ನಗರ ಸ್ಥಳೀಯ ಸಂಸ್ಥೆಗಳ ಕೆಲಸವೆಂದು ಹೆಸರಿಸುತ್ತದೆ. ನಿಲುಗಡೆ ತಾಣಗಳನ್ನು ಗೊತ್ತುಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಅವಕಾಶ ಕೊಟ್ಟಿದೆ.

ಹಾನಗಲ್ಲಿಗೆ ಇನ್ನೊಂದು ಕಟ್ಟುಪಾಡಿದೆ. ಅಲ್ಲಿನ ತಾರಕೇಶ್ವರ ದೇವಾಲಯ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ಕಾಯ್ದೆ ತಿದ್ದುಪಡಿಯಂತೆ ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಆದ್ದರಿಂದ ಅಲ್ಲಿ ಇರುವ ಜಾಗವನ್ನೇ ಜಾಣತನದಿಂದ ಬಳಸಬೇಕು.

ಬಸ್ಸು, ಸೈಕಲ್ಲು, ಕಾಲ್ನಡಿಗೆ

ಶಿಗ್ಗಾವಿ ಹುಬ್ಬಳ್ಳಿ–ಹಾವೇರಿ ನಡುವಿನ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿದೆ. ಸವಣೂರಿನ ಹೆಸರಿನ ರೈಲು ನಿಲ್ದಾಣವಿದ್ದರೂ ಅದು ಊರಿನಿಂದ ದೂರ. ಹಾನಗಲ್ ಮತ್ತು ಹಿರೇಕೆರೂರಿಗೆ ರೈಲೇ ಇಲ್ಲ. ನಾಲ್ಕೂ ಕಡೆ ಜನರ ಮುಖ್ಯ ಆಸರೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರಿಗೆ ಈ ಪ್ರಯಾಣವನ್ನು ಉಚಿತಗೊಳಿಸಿತು.

ಐವತ್ತು ಜನ ಒಬ್ಬೊಬ್ಬರೇ ಬೈಕಿನಲ್ಲಿ ಬಂದರೆ ನಿಲ್ಲಿಸಲು 100 ಚದರ ಮೀಟರ್ ಬೇಕು. ಅದೇ ಐವತ್ತು ಜನರನ್ನು ತಂದ ಬಸ್ಸು ಸುಮಾರು 30 ಚದರ ಮೀಟರಿನಲ್ಲಿ ಕೆಲ ನಿಮಿಷ ನಿಂತು ಹೊರಟುಹೋಗುತ್ತದೆ. ಆದರೆ ಸಂಜೆ ಮರಳುವ ಬಸ್ಸಿನ ಭರವಸೆ ಇಲ್ಲದವರು ಬೈಕನ್ನೇ ನೆಚ್ಚುತ್ತಾರೆ. ಕಾಲೇಜು ಬಿಡುವ ಹೊತ್ತಿಗೆ, ಕಚೇರಿ ಮುಗಿಯುವ ಹೊತ್ತಿಗೆ, ಸಂತೆ ಕರಗುವ ಹೊತ್ತಿಗೆ ಹೊಂದುವ ಬಸ್ಸುಗಳು ನಿಲುಗಡೆಯ ಒತ್ತಡವನ್ನೂ ಇಳಿಸುತ್ತವೆ. ಬಸ್ಸು ಮುಟ್ಟದ ಹಳ್ಳಿಗಳಿಗೆ ಟಂಟಂಗಳೇ ಕೊಂಡಿ. ಅವಕ್ಕೆ ಬಸ್ ನಿಲ್ದಾಣದ ಬಳಿ ಗೊತ್ತಾದ ನಿಲುದಾಣ ಕೊಡುವುದು ಚಾಲಕರಿಗೂ ಪ್ರಯಾಣಿಕರಿಗೂ ನ್ಯಾಯ.

ಹುಬ್ಬಳ್ಳಿ–ಧಾರವಾಡ ನಡುವೆ 2018ರ ಅಕ್ಟೋಬರಿನಲ್ಲಿ ಓಡತೊಡಗಿದ ‘ಚಿಗರಿ’ ಬಸ್ಸುಗಳಿಗೆ ಸುಮಾರು 22 ಕಿಲೋಮೀಟರ್ ದಾರಿಯ ಬಹುಭಾಗದಲ್ಲಿ ಪ್ರತ್ಯೇಕ ಪಥವಿದೆ. ತಾಲ್ಲೂಕು ಪಟ್ಟಣಕ್ಕೆ ಅಷ್ಟು ದೊಡ್ಡ ಏರ್ಪಾಡು ಬೇಡ. ಬಸ್ಸು ತಿರುಗುವ ಮೂಲೆಯಲ್ಲಿ ಗಾಡಿ ನಿಲ್ಲದಂತೆ ನೋಡಿಕೊಂಡರೂ ಸಾಕಷ್ಟು ಸಮಯ ಉಳಿಯುತ್ತದೆ. ಊರೊಳಗಿನ ಅಂತರ ಕಡಿಮೆಯಾದ್ದರಿಂದ ಸೈಕಲ್ಲೂ ಕಾಲ್ನಡಿಗೆಯೂ ನಿಜವಾದ ಪರ್ಯಾಯಗಳು. ಅದಕ್ಕೆ ಗಟಾರಿನ ಮೇಲೆ ಗಟ್ಟಿ ಹಾಸುಗಲ್ಲು, ನೆರಳು, ಬೆಳಕು ಬೇಕು.

ಖಾಲಿ ಕಟ್ಟಡಗಳ ಮರುಬಳಕೆ

ತಾಲ್ಲೂಕು ಕಚೇರಿಗಳು ಮಿನಿ ವಿಧಾನಸೌಧಕ್ಕೆ ಸ್ಥಳಾಂತರಗೊಂಡಾಗ ಹಳೆಯ ಕಚೇರಿಗೆ ಬೀಗ ಬೀಳುವುದು ರಾಜ್ಯದ ಹಲವೆಡೆ ಕಂಡ ಸಂಗತಿ. ವಸತಿಗೃಹ, ಹಳೆ ಶಾಲೆ, ಹತ್ತಿ ಜಿನ್ನು, ಚಿತ್ರಮಂದಿರಗಳೂ ಹೀಗೆ ಪಾಳು ಬೀಳುತ್ತವೆ. ಇವು ಸಾಮಾನ್ಯವಾಗಿ ಪೇಟೆಗೆ ಹತ್ತಿರ, ಸುತ್ತ ಅಂಗಳವೂ ಇರುತ್ತದೆ.

ಹಳೆಯದಕ್ಕೆ ಹೊಸ ಕೆಲಸ ಕೊಟ್ಟ ಉದಾಹರಣೆ ಶಿಗ್ಗಾವಿ ತಾಲ್ಲೂಕಿನಲ್ಲೇ ಇದೆ. ಬಂಕಾಪುರದ ಕೋಟೆಯ ಆವರಣ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರಕ್ಕೂ ನವಿಲುಗಳಿಗೂ ಆಸರೆಯಾಗಿದೆ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ದುರಸ್ತಿ ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಸಾಕ್ಷಿ: 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು.

ಆದ್ದರಿಂದ ಮೊದಲ ಹೆಜ್ಜೆ ಸುರಕ್ಷತೆಯ ತಪಾಸಣೆ. ಕಲ್ಲು-ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಸಡಿಲವಾಗುತ್ತದೆ. ದುರಸ್ತಿಗೂ ಸುಣ್ಣದ ಗಾರೆಯೇ ಬೇಕು. ಗಟ್ಟಿಯಿರುವ ಕಟ್ಟಡದಲ್ಲಿ ಗ್ರಂಥಾಲಯ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೊಠಡಿ, ಹಳ್ಳಿಯಿಂದ ಬಂದ ಹೆಂಗಸರಿಗೆ ಶೌಚಾಲಯ ಸಹಿತ ವಿಶ್ರಾಂತಿ ಕೋಣೆ ನಡೆಸಬಹುದು. ಆಸ್ತಿ ತೆರಿಗೆಯ ಜತೆ ಗ್ರಂಥಾಲಯ ಕರ ವಸೂಲಾಗುವುದರಿಂದ ಈ ಬಳಕೆಗೆ ಹಣದ ಮೂಲವೂ ಇದೆ.

ಅಂಗಳವನ್ನು ವಾಹನಕ್ಕೆ ಬಿಡಬಹುದು. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಹತ್ತು ಗುಂಟೆ ಅಂಗಳದಲ್ಲಿ ಅರ್ಧವನ್ನು ಓಡಾಟಕ್ಕೂ ಮರಗಳಿಗೂ ಬಿಟ್ಟರೂ 250 ಬೈಕು ನಿಲ್ಲುತ್ತವೆ. ಸಂತೆಯ ದಿನ ಟ್ರ್ಯಾಕ್ಟರ್, ಗೂಡ್ಸ್ ಗಾಡಿಗಳಿಗೆ ಎಪಿಎಂಸಿ ಪ್ರಾಂಗಣದ ಬಯಲು ಒದಗಬಹುದು. ಹರಾಜಿನ ದಿನ, ಹೊತ್ತುಗಳನ್ನು ತಪ್ಪಿಸಿ ಒಪ್ಪಂದ ಮಾಡಿಕೊಳ್ಳಬೇಕು.

ಕೆಲಸದ ಕ್ರಮ

ಮೊದಲು ಸಂತೆಯ ದಿನ ಮತ್ತು ಸಾದಾ ದಿನ ಎಷ್ಟು ಗಾಡಿ, ಎಷ್ಟು ಹೊತ್ತು ನಿಲ್ಲುತ್ತವೆ ಎಂದು ಎಣಿಸಬೇಕು. ಕಾಲೇಜು ವಿದ್ಯಾರ್ಥಿಗಳಿಂದಲೂ ಇದು ಸಾಧ್ಯ. ಜತೆಗೆ ಖಾಲಿ ಕಟ್ಟಡಗಳ ಒಡೆತನ, ಅಳತೆ, ಸ್ಥಿತಿಯ ಪಟ್ಟಿ ಸಿದ್ಧವಾಗಬೇಕು. ಬಳಿಕ ಸ್ಥಳೀಯ ಸಂಸ್ಥೆ, ತಹಶೀಲ್ದಾರ್, ಲೋಕೋಪಯೋಗಿ ಇಲಾಖೆ, ಸಾರಿಗೆ ಘಟಕ, ಪೊಲೀಸರು, ವರ್ತಕರು, ಬೀದಿ ವ್ಯಾಪಾರಿಗಳು ಒಟ್ಟಿಗೆ ಕೂತು ತೀರ್ಮಾನಿಸಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಮಾರಾಟಗಾರರ ಜೀವನೋಪಾಯವನ್ನು ರಕ್ಷಿಸುವುದರಿಂದ, ಗಾಡಿಗೆ ಜಾಗ ಮಾಡಲು ಅವರನ್ನು ಎತ್ತಂಗಡಿ ಮಾಡುವುದು ಪರಿಹಾರವಲ್ಲ. ಹೊಸ ನಿಲುಗಡೆ ತಾಣ ತೆರೆದ ಮೇಲೆಯೇ ಬೀದಿಯಲ್ಲಿ ಸಮಯದ ಮಿತಿ ಜಾರಿಯಾಗಬೇಕು. ಶುಲ್ಕ ವಿಧಿಸಿದರೆ ಆ ಹಣ ಅದೇ ಪೇಟೆಯ ಕಾಲುದಾರಿ, ಶೌಚಾಲಯ, ಕಟ್ಟಡ ದುರಸ್ತಿಗೆ ಖರ್ಚಾಗಬೇಕು. ಆಗ ಹಣ ಕೊಡುವವರಿಗೆ ಅದರ ಫಲ ಕಣ್ಣೆದುರೇ ಕಾಣುತ್ತದೆ, ನಿಯಮವೂ ಉಳಿಯುತ್ತದೆ.