ಶೇ 25 ಎಂದರೆ ಎಷ್ಟು? ಆ್ಯಪ್ ಕಮಿಷನ್ ಮತ್ತು ಹೋಟೆಲಿನ ಲೆಕ್ಕ

ಭಾರತದಲ್ಲಿ ಊಟ-ತಿಂಡಿಯನ್ನು ಮನೆಗೆ ತಲುಪಿಸುವ ಆ್ಯಪ್ ವಹಿವಾಟಿನ ಬಹುಪಾಲು ಜೊಮಾಟೊ ಮತ್ತು 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ವಿಗ್ಗಿಯ ಕೈಯಲ್ಲಿದ್ದು, ಇವುಗಳ ಮೂಲಕ ಬಂದ ಪ್ರತಿ ಆರ್ಡರಿನಲ್ಲಿ ಹೋಟೆಲ್ ಬಿಟ್ಟುಕೊಡುವ ಪಾಲಿಗೆ ಕಮಿಷನ್ ಎನ್ನುತ್ತಾರೆ. ಊರು, ಹೋಟೆಲಿನ ಹೆಸರು, ಚೌಕಾಸಿಯ ಬಲ ಇವುಗಳನ್ನು ಅನುಸರಿಸಿ ಅದು ಸಾಮಾನ್ಯವಾಗಿ ಶೇ 15ರಿಂದ 30ರವರೆಗೆ ಇರುತ್ತದೆ.

ಕಮಿಷನ್ ಕಡಿತವಾಗುವುದು ಲಾಭದಲ್ಲಲ್ಲ, ಮಾರಾಟದ ಮೊತ್ತದಲ್ಲಿ. ಜೊತೆಗೆ ಆ ಕಮಿಷನ್ ಮೇಲೆ ಶೇ 18ರ ಜಿಎಸ್‌ಟಿಯೂ ಬೀಳುತ್ತದೆ. ಬೇರೆ ವ್ಯಾಪಾರಿಗಳು ಖರೀದಿಯ ಹಂತದಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾಗಿದ್ದು, ಇದನ್ನೇ ಹೂಡುವಳಿ ತೆರಿಗೆ ಜಮೆ ಎನ್ನುವುದು. ಶೇ 5ರ ದರದಲ್ಲಿರುವ ಸಾಮಾನ್ಯ ಹೋಟೆಲುಗಳಿಗೆ ಈ ಸೌಲಭ್ಯವಿಲ್ಲದ ಕಾರಣ ಆ ತೆರಿಗೆ ಪೂರ್ತಿ ಖರ್ಚಿಗೇ ಸೇರುತ್ತದೆ. 300 ರೂಪಾಯಿಯ ಊಟಕ್ಕೆ ಶೇ 25ರ ಕಮಿಷನ್ ಎಂದಿಟ್ಟುಕೊಂಡರೆ 75 ರೂಪಾಯಿ, ಅದರ ತೆರಿಗೆ 13.50 ಸೇರಿ 88.50 ರೂಪಾಯಿ ಹೋಗುತ್ತದೆ. ದಿನಸಿ-ತರಕಾರಿಗೆ 100 ರೂಪಾಯಿ ತಗುಲಿದ್ದರೆ, ಹೋಟೆಲಿನಲ್ಲೇ ಕುಳಿತು ಉಂಡವರಿಂದ ಬಾಡಿಗೆ, ಸಂಬಳ, ಗ್ಯಾಸ್, ಲಾಭ ಎಲ್ಲಕ್ಕೂ ಸೇರಿ 200 ರೂಪಾಯಿ ಉಳಿಯುತ್ತಿತ್ತು, ಆ್ಯಪ್‌ನಲ್ಲಿ ತರಿಸಿಕೊಂಡವರಿಂದ ಉಳಿಯುವುದು 111.50 ಮಾತ್ರ. ಅಂದರೆ ಕಾಗದದ ಮೇಲಿನ ಶೇ 25, ಮಾಲೀಕರ ಪಾಲಿಗೆ ಶೇ 44ರಷ್ಟು ಕಡಿತ. ಜಾಹೀರಾತಿನ ವೆಚ್ಚವನ್ನೂ ರಿಯಾಯಿತಿಯಲ್ಲಿ ಹೋಟೆಲ್ ಹೊರುವ ಪಾಲನ್ನೂ ಇಲ್ಲಿ ಇನ್ನೂ ಸೇರಿಸಿಲ್ಲ.

ಅಡುಗೆಮನೆ ಬಿಡುವಾಗಿರುವ ಹೊತ್ತಿನಲ್ಲಿ ಬರುವ ಹೊಸ ಆರ್ಡರಿಗೆ ಈ 111.50 ರೂಪಾಯಿಯೂ ಲಾಭದಾಯಕವೇ, ಏಕೆಂದರೆ ಬಾಡಿಗೆ, ಸಂಬಳ ಹೇಗಿದ್ದರೂ ಕೊಡಲೇಬೇಕು. ಗಿರಾಕಿಯನ್ನು ಹುಡುಕಿ ಊಟ ತಲುಪಿಸುವ ಆ್ಯಪ್ ಅದಕ್ಕೆ ಪ್ರತಿಫಲ ಕೇಳುವುದೂ ನ್ಯಾಯವೇ. ನಿತ್ಯ ಹೋಟೆಲಿಗೇ ಬರುತ್ತಿದ್ದವರು ಆ್ಯಪ್‌ಗೆ ಹೊರಳಿದಾಗ ಮಾತ್ರ ಅದೇ ಲೆಕ್ಕ ನಷ್ಟಕ್ಕೆ ತಿರುಗುತ್ತದೆ, ಸಣ್ಣ ಹೋಟೆಲುಗಳ ಸಂಕಟದ ಮೂಲವೂ ಇದೇ.

ನ್ಯೂಯಾರ್ಕ್ ನಗರವು 2021ರ ಕಾನೂನಿನಲ್ಲಿ ತಲುಪಿಸುವ ಸೇವೆಯ ಶುಲ್ಕಕ್ಕೆ ಶೇ 15ರ ಮಿತಿ ಹಾಕಿತು. ಭಾರತದಲ್ಲಿ ರಾಷ್ಟ್ರೀಯ ರೆಸ್ಟೋರೆಂಟ್ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗವು 2022ರ ಏಪ್ರಿಲ್‌ನಲ್ಲಿ ತನಿಖೆಗೆ ಆದೇಶಿಸಿದಾಗ ಪರಿಶೀಲನೆಗೆ ಬಂದ ವಿಷಯಗಳಲ್ಲಿ ಬೆಲೆ ಸಮಾನತೆಯ ಷರತ್ತೂ ಒಂದು; ತನ್ನ ಸ್ವಂತ ಮಾರಾಟದಲ್ಲಾಗಲಿ ಬೇರೆ ಆ್ಯಪ್‌ನಲ್ಲಾಗಲಿ ಕಡಿಮೆ ಬೆಲೆಗೆ ಮಾರದಂತೆ ಹೋಟೆಲನ್ನು ಕಟ್ಟಿಹಾಕುವ ಕರಾರು ಇದು. ಕಮಿಷನ್ ದರಕ್ಕಿಂತಲೂ ಆಕ್ಷೇಪಾರ್ಹವಾದುದು ಈ ಷರತ್ತು, ಏಕೆಂದರೆ ಕಮಿಷನ್ ಸರಿದೂಗಿಸಲು ಏರಿಸಿದ ಬೆಲೆಯನ್ನು ಆ್ಯಪ್ ಬಳಸದೆ ನಡೆದುಬಂದು ಉಣ್ಣುವವರೂ ತೆರಬೇಕಾಗುತ್ತದೆ.