ಗೆಣಸಿನ ಹೋಳಿಗೆ

ಹೋಳಿಗೆಯೆಂದರೆ ಕಡಲೆಬೇಳೆಯದು, ಅದು ಬಿಟ್ಟರೆ ತೊಗರಿಬೇಳೆಯದು ಅಥವಾ ಕಾಯಿಯದು ಎಂದು ತಿಳಿದವರೇ ಬಹಳ. ಗೆಣಸಿನಿಂದಲೂ ಹೋಳಿಗೆಯಾಗುತ್ತದೆಂದರೆ ಮೂಗು ಮುರಿಯುವವರುಂಟು. ಅಂಥವರಲ್ಲಿ ನಾನೂ ಒಬ್ಬನಾಗಿದ್ದೆನೆಂದು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸುತ್ತೇನೆ.

ನಮ್ಮದು ಬೆಳಗಾವಿ ತಾಲೂಕಿನ ಒಂದು ಹಳ್ಳಿ. ಈ ಭಾಗದಲ್ಲಿ ಗೆಣಸು ಹುಲುಸಾಗಿ ಬೆಳೆಯುತ್ತದೆ. ಅದಕ್ಕೆ ಬೀಜ ಬಿತ್ತುವುದಿಲ್ಲ. ಮಳೆ ಹಿಡಿದ ಮೇಲೆ ಬಳ್ಳಿಯ ತುಂಡುಗಳನ್ನು ನೆಡುತ್ತಾರೆ. ಸುಮಾರು ನಾಲ್ಕು ತಿಂಗಳಿಗೆ ಗಡ್ಡೆ ಬಲಿಯುತ್ತದೆ. ನೆಟ್ಟಗೆ, ದಪ್ಪಗೆ ಇದ್ದದ್ದು ಪೇಟೆಗೆ ಹೋಗುತ್ತದೆ. ಅಗೆಯುವಾಗ ಗುದ್ದಲಿ ತಾಕಿ ತುಂಡಾದದ್ದು ಮನೆಗೆ ಉಳಿಯುತ್ತದೆ. ನನ್ನ ಕಾಲೇಜಿನ ಫೀ ಕಟ್ಟಿದ್ದು ಪೇಟೆಗೆ ಹೋದ ಗೆಣಸು. ನನ್ನ ಹೊಟ್ಟೆ ತುಂಬಿಸಿದ್ದು ಮನೆಗೆ ಉಳಿದ ಗೆಣಸು. ಹೀಗಿದ್ದರೂ ಮೊದಲನೆಯ ವರ್ಷ ಅವ್ವ ಕಟ್ಟಿಕೊಟ್ಟ ಗೆಣಸಿನ ಹೋಳಿಗೆಯ ಡಬ್ಬಿಯನ್ನು ಹಾಸ್ಟೆಲಿನಲ್ಲಿ ಟ್ರಂಕಿನ ತಳಕ್ಕೆ ಬಚ್ಚಿಟ್ಟು, ಜೊತೆಯವರು ಮಲಗಿದ ಮೇಲೆ ತಿಂದವನು ನಾನು. ಬಡವರ ತಿನಿಸೆಂದು ಯಾರಾದರೂ ನಕ್ಕಾರೆಂಬ ಅಂಜಿಕೆ!

ಈ ಹೋಳಿಗೆಯ ಗುಟ್ಟೆಲ್ಲ ಇರುವುದು ಗೆಣಸನ್ನು ಸುಡುವುದರಲ್ಲಿ. ಕುದಿಸಿದರೆ ಗಡ್ಡೆ ನೀರು ಕುಡಿದು ಹೂರಣ ಸಡಿಲಾಗುತ್ತದೆ. ಅವ್ವ ರಾತ್ರಿಯ ಅಡಿಗೆಯಾದ ಬಳಿಕ ಒಲೆಯ ಕೆಂಡವನ್ನು ಬದಿಗೆ ಸರಿಸಿ, ಬಿಸಿಬೂದಿಯಲ್ಲಿ ಗೆಣಸನ್ನು ಹೂಳುತ್ತಾಳೆ. ಚಿಕ್ಕವನಿದ್ದಾಗ ನಾನು ಹಸಿವು ತಾಳದೆ ಬೂದಿ ಕೆದರಹೋದರೆ, “ಅವಸರ ಮಾಡಬ್ಯಾಡ, ತಾನಾಗೇ ಸಿಹಿ ಆಗಲಿ ಬಿಡು” ಎನ್ನುತ್ತಿದ್ದಳು. ಬೆಂದದ್ದು ಸಿಹಿಯಾಗುವುದೆಂದರೇನು, ಇದ್ದ ಸಿಹಿಯೇ ತಾನೇ ಎಂದು ಆಗ ನನ್ನ ತರ್ಕ.

ಮೊನ್ನೆ ನಮ್ಮ ಗ್ರಂಥಾಲಯದ ಒಂದು ಪುಸ್ತಕದಲ್ಲಿ ಇದಕ್ಕೆ ಉತ್ತರ ದೊರೆಯಿತು. ಗೆಣಸಿನಲ್ಲಿ ಹೇರಳವಾಗಿರುವುದು ಪಿಷ್ಟ. ಅದನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುವ ಕಿಣ್ವವೂ ಗಡ್ಡೆಯೊಳಗೇ ಇದೆ. ಒಳಗಿನ ಶಾಖ ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಇರುವಾಗ ಅದರ ಕೆಲಸ ಚುರುಕು. ದೊಡ್ಡ ಉರಿಯಲ್ಲಿ ಆ ಘಟ್ಟ ಬೇಗ ದಾಟಿಹೋಗಿ ಕಿಣ್ವ ನಾಶವಾಗುತ್ತದೆ. ಬೂದಿಯ ಮಂದ ಶಾಖದಲ್ಲಿ ಅದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಅಂದರೆ ಅವ್ವನ ಮಾತು ಅಕ್ಷರಶಃ ನಿಜ: ಗೆಣಸು ಒಲೆಯಲ್ಲಿಯೇ ಸಿಹಿಯಾಗುತ್ತದೆ! ಊರಿಗೆ ಹೋದಾಗ ಇದನ್ನು ದೊಡ್ಡ ಉಪನ್ಯಾಸದಂತೆ ಅವಳಿಗೆ ವಿವರಿಸಿದೆ. ಎಲ್ಲ ಕೇಳಿ, “ಇಷ್ಟು ತಿಳಿಯಾಕ ಮೂರು ವರ್ಷ ಬೇಕಾತೇನಪ್ಪಾ?” ಎಂದಳು.

ಇನ್ನು ಮಾಡುವ ಕ್ರಮ. ಸುಟ್ಟ ಗೆಣಸಿನ ಸಿಪ್ಪೆ ಸುಲಿದು, ನಾರು ತೆಗೆದು, ನುಣ್ಣಗೆ ನಾದಬೇಕು. ಒಂದು ಕಿಲೋ ಗೆಣಸಿಗೆ ಕಾಲು ಕಿಲೋ ಬೆಲ್ಲ ನಮ್ಮ ಮನೆಯ ಅಳತೆ. ಎರಡನ್ನೂ ಬೆರೆಸಿ, ಪಾತ್ರೆಯ ತಳ ಬಿಡುವವರೆಗೆ ಸಣ್ಣ ಉರಿಯಲ್ಲಿ ಕೈಯಾಡಿಸಿ, ಏಲಕ್ಕಿ ಪುಡಿ ಹಾಕಿ ಇಳಿಸಬೇಕು. ಗೋದಿಹಿಟ್ಟಿಗೆ ಚಿಟಿಕೆ ಉಪ್ಪು, ತುಸು ಎಣ್ಣೆ ಸೇರಿಸಿ ಮೆತ್ತಗೆ ಕಣಕ ಕಲಸಿ ಅರ್ಧ ತಾಸು ನೆನೆಯಬಿಡಬೇಕು. ಆಮೇಲೆ ಕಣಕದಲ್ಲಿ ಹೂರಣ ತುಂಬಿ, ಲಟ್ಟಿಸಿ, ಹಂಚಿನ ಮೇಲೆ ಎರಡೂ ಮಗ್ಗುಲು ಬೇಯಿಸಿ ತುಪ್ಪ ಸವರಿದರಾಯಿತು. ಒಲೆಯಿಲ್ಲದವರು ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಗೆಣಸನ್ನಿಟ್ಟು, ಮುಚ್ಚಿ, ಗ್ಯಾಸಿನ ತೀರ ಸಣ್ಣ ಉರಿಯಲ್ಲಿ ಆಗಾಗ ಹೊರಳಿಸುತ್ತ ಒಂದು ತಾಸು ಬಿಡಲಿ. ನಾನು ಮಾಡಿ ನೋಡಿದ್ದೇನೆ. ಬೂದಿಯ ವಾಸನೆಯೊಂದು ಬಾರದು, ಸಿಹಿಗೆ ಕೊರತೆಯಿಲ್ಲ.

ಗೆಣಸಿನ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸನು ಅಲ್ಲಿಗೆ ಮುಟ್ಟಿದ ನಂತರದ ಕಾಲದಲ್ಲಿ ಅದು ಸಮುದ್ರ ದಾಟಿ ನಮ್ಮಲ್ಲಿಗೆ ಬಂದು, ಏಕಾದಶಿ ಶಿವರಾತ್ರಿಗಳ ಉಪವಾಸಕ್ಕೂ ಸಲ್ಲುವಂತಾಯಿತು. ಆ ದೇಶದ ದಕ್ಷಿಣ ಭಾಗದಲ್ಲಿ, ಒಮ್ಮೆ ಗುಲಾಮರಾಗಿದ್ದವರ ಮನೆತನಗಳಲ್ಲಿ, ಗೆಣಸಿನ ಹೂರಣವನ್ನು ಹಿಟ್ಟಿನ ತಟ್ಟೆಯಲ್ಲಿ ತುಂಬಿ ಸುಡುವ ‘ಪೈ’ ಇಂದಿಗೂ ಹಬ್ಬದ ಅಡಿಗೆ. ಗುಲಾಮಗಿರಿಯಲ್ಲಿಯೇ ಹುಟ್ಟಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1894ರಲ್ಲಿ ಪದವಿ ಪಡೆದು, 1896ರಿಂದ ಅಲಬಾಮಾದ ಟಸ್ಕೀಗಿಯಲ್ಲಿ ಅಧ್ಯಾಪಕರಾದರು. ಬಡ ರೈತರಿಗಾಗಿ ಅವರು ಅಭ್ಯಾಸ ಮಾಡಿದ ಬೆಳೆಗಳಲ್ಲಿ ಗೆಣಸೂ ಒಂದು. ಪದವಿ ಪಡೆದವನು ಮನೆಯ ಗಡ್ಡೆಯನ್ನು ಮರೆಯಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಡ.

ನಮ್ಮ ಮನೆತನದಲ್ಲಿ ಪದವಿಯ ಬಾಗಿಲಿಗೆ ಬಂದವರಲ್ಲಿ ನಾನೇ ಮೊದಲಿಗ. ಅಕ್ಷರ ಬಾರದ ಅವ್ವನಿಗೆ ಈ ಲೇಖನವನ್ನು ನಾನೇ ಓದಿ ಹೇಳಬೇಕು. ಅಳತೆಯಲ್ಲಿ ತಪ್ಪಿದ್ದರೆ ಅವಳು ತಿದ್ದುತ್ತಾಳೆ. ಈ ಸಲ ಊರಿನಿಂದ ಬಂದ ಡಬ್ಬಿ ಟ್ರಂಕಿನಲ್ಲಿಲ್ಲ, ಮೇಜಿನ ಮೇಲಿದೆ. ಸಹಪಾಠಿಗಳು ಸಂಕೋಚವಿಲ್ಲದೆ ಬರಬಹುದು; ಗುರುಗಳಿಗೂ ಎರಡು ತೆಗೆದಿಟ್ಟಿದ್ದೇನೆ.